ಎಣಿಸಿದ್ದೊಂದು, ಆದದ್ದೊಂದು: ಮಾದಕವಸ್ತು ನಿಷೇಧದ ಕೆಲವು ಫಲಗಳು



ಕಾನೂನಿಗೂ ಜನಜೀವನಕ್ಕೂ ಇರುವ ಸಂಬಂಧದ ಬಗ್ಗೆ ವರ್ಷಕ್ಕೊಮ್ಮೆ ಇಲ್ಲಿ ಮಾತು ನಡೆಯಬೇಕೆಂಬುದು ಈ ದತ್ತಿ ಉಪನ್ಯಾಸವನ್ನು ಸ್ಥಾಪಿಸಿದವರ ಆಶಯ. ಈ ಸಲ ನಾನು ಆಯ್ದುಕೊಂಡಿರುವುದು ಮಾದಕವಸ್ತು ನಿಷೇಧ. ಆಹ್ವಾನ ಪತ್ರಿಕೆ ನೋಡಿದ ಗೆಳೆಯರೊಬ್ಬರು ಫೋನು ಮಾಡಿ, "ನೀವು ಗಾಂಜಾ ಪರವೋ, ವಿರೋಧವೋ?" ಎಂದು ಕೇಳಿದರು. ಅದಕ್ಕೆ ಉತ್ತರ ಹೇಳಲು ನಾನು ಬಂದಿಲ್ಲ. ಚಟಕ್ಕೆ ಬಿದ್ದ ಮಗನನ್ನು ಕಟ್ಟಿಕೊಂಡು ಏಗುತ್ತಿರುವ ಮನೆಗಳು ನಮ್ಮ ಬೀದಿಬೀದಿಯಲ್ಲಿವೆ. ಅವರ ಎದುರು ನಿಂತು ಮಾದಕವಸ್ತು ನಿರುಪದ್ರವಿ ಎಂದು ಹೇಳುವ ಧೈರ್ಯವಾಗಲಿ ಮನಸ್ಸಾಗಲಿ ನನಗಿಲ್ಲ. ನಾನು ಕೇಳಿಕೊಳ್ಳುತ್ತಿರುವ ಪ್ರಶ್ನೆ ಬೇರೆ. ಒಂದು ವಸ್ತುವನ್ನು ನಿಷೇಧಿಸಿದ ಮೇಲೆ ಏನಾಗುತ್ತದೆ? ಕಾಯ್ದೆ ಬರೆದವರು ಎಣಿಸಿರದ ಯಾರ ಮನೆಯ ಬಾಗಿಲಿಗೆ ಅದು ಹೋಗಿ ನಿಲ್ಲುತ್ತದೆ?

ಈ ಪ್ರಶ್ನೆ ಎತ್ತಿದವರಲ್ಲಿ ನಾನು ಮೊದಲಿಗನಲ್ಲ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯ ಮುಖ್ಯಸ್ಥರಾಗಿದ್ದ ಆಂಟೋನಿಯೊ ಮರಿಯಾ ಕೋಸ್ಟಾ 2008ರಲ್ಲಿ, ನಿಷೇಧ ವ್ಯವಸ್ಥೆಯಿಂದ ಯಾರೂ ಬಯಸಿರದ ಫಲಗಳು ಹುಟ್ಟಿವೆ ಎಂದು ಲಿಖಿತವಾಗಿಯೇ ಒಪ್ಪಿಕೊಂಡರು. ದೊಡ್ಡದೊಂದು ಕಳ್ಳಸಂತೆ ಬೆಳೆದದ್ದು, ಆರೋಗ್ಯಕ್ಕೆ ಹೋಗಬೇಕಾದ ಹಣ ಪೊಲೀಸು ವ್ಯವಸ್ಥೆಗೆ ಹೋದದ್ದು, ಒಂದು ದೇಶದಲ್ಲಿ ಅದುಮಿದರೆ ಬಲೂನಿನ ಹಾಗೆ ಇನ್ನೊಂದು ದೇಶದಲ್ಲಿ ಉಬ್ಬುವುದು, ಒಂದು ವಸ್ತು ಸಿಗದಿದ್ದರೆ ಜನ ಇನ್ನೊಂದಕ್ಕೆ ಹೊರಳುವುದು, ವ್ಯಸನಿಗಳು ಸಮಾಜದಿಂದ ಹೊರಗಾದದ್ದು, ಇವೆಲ್ಲ ಆ ಪಟ್ಟಿಯಲ್ಲಿದ್ದವು. ಕೋಸ್ಟಾ ನಿಷೇಧದ ವಿರೋಧಿಯಲ್ಲ, ಅದರ ಕಾವಲುಗಾರ. ಹಾಗಾಗಿಯೇ ಆ ಮಾತಿಗೆ ತೂಕ ಹೆಚ್ಚು.

ನನ್ನ ಮಾತಿನ ವ್ಯಾಪ್ತಿ ಮುಖ್ಯವಾಗಿ ಭಾರತ. ಕೊಲಂಬಿಯಾ, ಮೆಕ್ಸಿಕೊಗಳ ಕಥೆಯನ್ನು ಸಿನಿಮಾಗಳು ಬೇಕಾದಷ್ಟು ಹೇಳಿವೆ. ಮೊದಲು ನೂರಮೂವತ್ತು ವರ್ಷ ಹಿಂದಿನ ಒಂದು ಆಯೋಗದ ಬಗ್ಗೆ, ಆಮೇಲೆ ಸೌಮ್ಯವಾದ ಮಾದಕಗಳ ಜಾಗಕ್ಕೆ ಉಗ್ರವಾದವು ಬಂದ ಬಗೆ, ನಂತರ ನಮ್ಮ ಕೋರ್ಟು-ಜೈಲುಗಳ ಸಂಗತಿ, ಕೊನೆಗೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಮಾರ್ಫಿನ್ ಎಂಬ ಔಷಧಿಯ ಕಥೆ.

1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಒಂದು ಪ್ರಶ್ನೆ ಎದ್ದಿತು: ಬಂಗಾಳದ ಜನ ಗಾಂಜಾ ಸೇದಿ ಹಾಳಾಗುತ್ತಿದ್ದಾರಂತೆ, ಅಲ್ಲಿನ ಹುಚ್ಚಾಸ್ಪತ್ರೆಗಳು ಗಾಂಜಾ ಸೇದಿದವರಿಂದಲೇ ತುಂಬಿವೆಯಂತೆ, ನಿಜವೇ? ಉತ್ತರ ಹುಡುಕಲು ಸರ್ಕಾರ ಏಳು ಜನರ ಆಯೋಗ ನೇಮಿಸಿತು. ಅಧ್ಯಕ್ಷರು ಮ್ಯಾಕ್‌ವರ್ತ್ ಯಂಗ್. ಸದಸ್ಯರಲ್ಲಿ ಮೂವರು ಭಾರತೀಯರು. ಆಯೋಗ ದೇಶವೆಲ್ಲ ಸುತ್ತಿ 1,193 ಸಾಕ್ಷಿಗಳ ಹೇಳಿಕೆ ಪಡೆಯಿತು. ಅಧಿಕಾರಿಗಳು, ವೈದ್ಯರು, ಬೆಳೆಗಾರರು, ಪಾದ್ರಿಗಳು, ಸಾಧುಗಳು, ಯಾರನ್ನೂ ಬಿಡಲಿಲ್ಲ.

ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹುಚ್ಚಾಸ್ಪತ್ರೆಗಳ ದಾಖಲೆ ಪರಿಶೀಲಿಸಿದ ಭಾಗ. ರೋಗಿಯನ್ನು ಕರೆತರುವಾಗ ಒಂದು ನಮೂನೆ ತುಂಬಬೇಕಿತ್ತು. ಅದರಲ್ಲಿ ಹುಚ್ಚಿಗೆ ಕಾರಣವೇನು ಎಂಬ ಕಲಮೊಂದಿತ್ತು. ರೋಗಿ ಹೇಳುವ ಸ್ಥಿತಿಯಲ್ಲಿಲ್ಲ. ಕರೆತಂದ ಪೊಲೀಸನಿಗೆ ಅವನ ಪೂರ್ವಾಪರ ಗೊತ್ತಿಲ್ಲ. ಕಲಂ ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ. ಹಾಗಾಗಿ "ಗಾಂಜಾ" ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ವರ್ಷ ಕಳೆದಂತೆ ಆ ಬರಹಗಳೇ ಕೂಡಿ ಅಂಕಿಅಂಶವಾದವು, ಅಂಕಿಅಂಶ ಲಂಡನ್ನಿಗೆ ಹೋಗಿ ಆತಂಕವಾಯಿತು. ಆಯೋಗ ಒಂದು ವರ್ಷದ ಪ್ರಕರಣಗಳನ್ನು ಒಂದೊಂದಾಗಿ ಬಿಚ್ಚಿ, ಮನೆಯವರನ್ನು, ಊರಿನವರನ್ನು ವಿಚಾರಿಸಿದಾಗ ಬಹಳಷ್ಟು ಪ್ರಕರಣಗಳಲ್ಲಿ ಗಾಂಜಾಕ್ಕೂ ಹುಚ್ಚಿಗೂ ಇದ್ದ ಸಂಬಂಧ ಸಾಬೀತಾಗಲಿಲ್ಲ. ಸರ್ಕಾರಿ ನಮೂನೆಗಳನ್ನು ತುಂಬಿ ಅಭ್ಯಾಸವಿರುವ ನಮಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ ಬಿಡಿ.

1894ರ ವರದಿ ಗಾಂಜಾವನ್ನು ಹೊಗಳಲಿಲ್ಲ. ಅತಿಯಾದರೆ ಕೇಡು ಎಂದೇ ಹೇಳಿತು. ಆದರೆ ಪೂರ್ಣ ನಿಷೇಧ ಬೇಕಿಲ್ಲ, ತೆರಿಗೆ ಮತ್ತು ಪರವಾನಗಿಯ ಮೂಲಕ ಬಿಗಿ ಹಿಡಿತ ಸಾಕು ಎಂದಿತು. ಕೊಟ್ಟ ಕಾರಣಗಳಲ್ಲಿ ಒಂದನ್ನು ನೀವು ಗಮನಿಸಬೇಕು: ಇದನ್ನು ನಿಲ್ಲಿಸಿದರೆ ಜನ ಮದ್ಯಕ್ಕೋ ಇದಕ್ಕಿಂತ ಕೆಟ್ಟ ಅಮಲು ಪದಾರ್ಥಕ್ಕೋ ಹೋದಾರು ಎಂಬ ಶಂಕೆ. ಆ ಆಯೋಗದ ಹಿಂದೆ ಸಾಮ್ರಾಜ್ಯದ ಅಬಕಾರಿ ವರಮಾನದ ಆಸೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಖಂಡಿತ ಇತ್ತು. ಆದರೂ ಕಾಯ್ದೆ ಮಾಡುವ ಮೊದಲು ಅದರಿಂದ ಏನಾದೀತು ಎಂದು ಅಷ್ಟು ತಾಳ್ಮೆಯಿಂದ ವಿಚಾರಿಸಿದ ಉದಾಹರಣೆಗಳು ಈ ವಿಷಯದಲ್ಲಿ ಅಪರೂಪ.

ಇನ್ನು ಎರಡನೆಯ ಸಂಗತಿಗೆ, ಸೌಮ್ಯ ಮಾದಕಗಳ ಜಾಗಕ್ಕೆ ಉಗ್ರವಾದವು ಬಂದ ಬಗೆಗೆ, ಬರುತ್ತೇನೆ. 1961ರ ಅಂತರರಾಷ್ಟ್ರೀಯ ಮಾದಕವಸ್ತು ಒಪ್ಪಂದಕ್ಕೆ ಭಾರತ ಸಹಿ ಹಾಕಿತು. ಗಾಂಜಾದ ವೈದ್ಯಕೀಯೇತರ ಬಳಕೆಯನ್ನು 25 ವರ್ಷಗಳೊಳಗೆ ನಿಲ್ಲಿಸಬೇಕೆಂಬುದು ಅದರ ಕರಾರು. ಗಡುವು ಹತ್ತಿರ ಬಂದಾಗ, 1985ರಲ್ಲಿ, ಮಾದಕದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆ ಬಂತು. ನಾವೆಲ್ಲ ಎನ್‌ಡಿಪಿಎಸ್ ಎಂದು ಕರೆಯುವುದು ಇದನ್ನೇ. ಆ ವರ್ಷದ ನವೆಂಬರ್ 14ರಿಂದ ಜಾರಿ. ಸಾಧುಗಳ ಚಿಲುಮೆ, ಉತ್ತರ ಕರ್ನಾಟಕದ ಕೆಲವು ಅವಧೂತ-ಆರೂಢ ಪರಂಪರೆಯ ಗುಡಿಗಳ ಗಾಂಜಾ, ಪಂಜಾಬ್-ರಾಜಸ್ಥಾನದ ಹಿರಿಯರು ನಂಟರಿಗೆ ಕೊಡುತ್ತಿದ್ದ ಅಫೀಮಿನ ತುಣುಕು, ಇವೆಲ್ಲ ಹೆರಾಯಿನ್ ಇರುವ ಕಾಯ್ದೆಯೊಳಕ್ಕೇ ಸೇರಿದವು. ಭಂಗಿ ಸೊಪ್ಪು ಮಾತ್ರ ಹೊರಗುಳಿಯಿತು. ನಮ್ಮ ಅಡುಗೆಮನೆಯ ಗಸಗಸೆಯೂ ಬಚಾವಾಯಿತು. ಅಫೀಮು ಗಿಡದ್ದೇ ಬೀಜವಾದರೂ ಕಾಯ್ದೆಯ ವ್ಯಾಖ್ಯೆಯಲ್ಲಿ ಬೀಜಕ್ಕೆ ವಿನಾಯಿತಿ ಇದೆ.  

ಈಗ ಕಳ್ಳಸಾಗಣೆದಾರನ ಲೆಕ್ಕಾಚಾರ ನೋಡಿ. ಸುಮಾರು ಹತ್ತು ಕೆ.ಜಿ. ಅಫೀಮಿನಿಂದ ಒಂದು ಕೆ.ಜಿ. ಹೆರಾಯಿನ್ ಆಗುತ್ತದೆ. ಅಫೀಮು ಭಾರ, ಜಿಗುಟು, ಘಾಟು ವಾಸನೆ. ಹೆರಾಯಿನ್ ಪುಡಿ, ಚಪ್ಪಲಿಯ ಅಟ್ಟೆಯೊಳಗೂ ಹಿಡಿಯುತ್ತದೆ. ಅಂದಿನ ಕಾಯ್ದೆಯಲ್ಲಿ ಎರಡಕ್ಕೂ ಕನಿಷ್ಠ ಶಿಕ್ಷೆ ಒಂದೇ, ಹತ್ತು ವರ್ಷ. ಹಾಗಿದ್ದ ಮೇಲೆ ಯಾವ ವ್ಯಾಪಾರಿ ಹತ್ತು ಪಟ್ಟು ಭಾರ ಹೊರುತ್ತಾನೆ? ಎಂಬತ್ತರ ದಶಕದಲ್ಲಿ ನಮ್ಮ ನಗರಗಳಿಗೆ ಬ್ರೌನ್ ಶುಗರ್ ಎಂಬ ಕಚ್ಚಾ ಹೆರಾಯಿನ್ ನುಗ್ಗಿದ್ದಕ್ಕೆ ಕಾಯ್ದೆಯೊಂದೇ ಕಾರಣವಲ್ಲ. ಅಫ್ಘಾನಿಸ್ತಾನದ ಯುದ್ಧ, ಇರಾನಿನ ಕ್ರಾಂತಿಯ ನಂತರ ಬದಲಾದ ಸಾಗಣೆ ದಾರಿಗಳೂ ಕಾರಣ. ಆದರೆ ಹಳೆಯ ಅಫೀಮಿನ ಮಾರುಕಟ್ಟೆ ಮುಚ್ಚಿ ಹೆರಾಯಿನ್‌ಗೆ ಜಾಗ ಖಾಲಿ ಮಾಡಿಕೊಟ್ಟದ್ದು ನಾವೇ. ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಫೀಮು ಬಳಸುವವರು ಜನಸಂಖ್ಯೆಯ ಶೇ. 0.52, ಹೆರಾಯಿನ್ ಬಳಸುವವರು ಶೇ. 1.14. ಹಿಂದಿನ ಸಮೀಕ್ಷೆಯಲ್ಲಿ ಅಫೀಮಿನದೇ ಮೇಲುಗೈ ಇತ್ತು.

ಮಣಿಪುರದಲ್ಲಿ ನಡೆದದ್ದು ಇನ್ನೂ ಕಠೋರ. ಬರ್ಮಾ ಗಡಿಯ ಮೋರೆ ಪಟ್ಟಣದ ಮೂಲಕ ಹೆರಾಯಿನ್ ಬರುತ್ತಿತ್ತು. ಪೊಲೀಸರ ಬಿಗಿ ಹೆಚ್ಚಿ ದರ ಏರಿದಾಗ ಹುಡುಗರು ಸ್ಪಾಸ್ಮೊ ಪ್ರಾಕ್ಸಿವಾನ್ ಎಂಬ ನೋವಿನ ಕ್ಯಾಪ್ಸೂಲಿನ ಪುಡಿಯನ್ನು ನೀರಿನಲ್ಲಿ ಕಲಸಿ ರಕ್ತನಾಳಕ್ಕೆ ಚುಚ್ಚಿಕೊಂಡರು. ನುಂಗಲು ಮಾಡಿದ ಪುಡಿ ನೀರಿನಲ್ಲಿ ಸರಿಯಾಗಿ ಕರಗದು. ಚುಚ್ಚಿದಲ್ಲೆಲ್ಲ ಕೀವುಗಟ್ಟಿ, ಕೈಕಾಲು ಕತ್ತರಿಸಬೇಕಾಗಿ ಬಂದವರಿದ್ದಾರೆ. ಸಿರಿಂಜ್ ಜೇಬಿನಲ್ಲಿದ್ದರೆ ಪೊಲೀಸರಿಗೆ ಅದೇ ಸಾಕ್ಷಿ. ಆದ್ದರಿಂದ ಒಬ್ಬರ ಸೂಜಿಯನ್ನೇ ಹಲವರು ಬಳಸಿದರು. 1989-90ರ ಹೊತ್ತಿಗೆ ಎಚ್‌ಐವಿ ಕಾಣಿಸಿಕೊಂಡು, ಕೆಲವೇ ತಿಂಗಳಲ್ಲಿ ಚುಚ್ಚಿಕೊಳ್ಳುವವರಲ್ಲಿ ಅರ್ಧದಷ್ಟು ಜನಕ್ಕೆ ಹರಡಿತು. ಮುಂದೆ ಸರ್ಕಾರವೇ ಸ್ವಚ್ಛ ಸೂಜಿ ಹಂಚಬೇಕಾಯಿತು, ಬದಲಿ ಔಷಧಿ ಕೊಡುವ ಕೇಂದ್ರ ತೆರೆಯಬೇಕಾಯಿತು. ಒಂದು ಇಲಾಖೆ ಹಂಚುವ ಸೂಜಿಯನ್ನು ಇನ್ನೊಂದು ಇಲಾಖೆ ಸಾಕ್ಷ್ಯವೆಂದು ಜಪ್ತಿ ಮಾಡುವ ವಿಚಿತ್ರ ಪರಿಸ್ಥಿತಿ.

ಕನ್ನಡ ನಾಡಿನ ಶ್ರೋತೃಗಳಿಗೆ, ನಿಷೇಧ ಜನರನ್ನು ಇನ್ನೂ ಕೆಟ್ಟದ್ದರ ಕಡೆಗೆ ತಳ್ಳುವ ಈ ಬಗೆ ಸಾರಾಯಿಯ ಮೂಲಕ ಬೇಗ ಅರ್ಥವಾಗುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಹಳ್ಳಿಯ ಹೆಂಗಸರ ಎಷ್ಟೋ ವರ್ಷದ ಬೇಡಿಕೆ ಅದು. ಅದರ ನ್ಯಾಯವನ್ನು ನಾನು ಪ್ರಶ್ನಿಸುವುದಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಕರ್ನಾಟಕ-ತಮಿಳುನಾಡು ಗಡಿಯ ಊರುಗಳಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಕೂಲಿ ಮಾಡುವವರು, ಸಾರಾಯಿ ಪ್ಯಾಕೆಟ್ ನಿಂತ ಮೇಲೆ ಬಾರಿನ ದರ ಕೊಡಲಾಗದವರು. ಹಾಗೆಂದು ಕಳ್ಳಭಟ್ಟಿ ನಿಷೇಧದ್ದೇ ಕೂಸು ಎಂದು ಹೇಳುವುದೂ ಸರಿಯಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ಮುನ್ನೂರರಷ್ಟು ಜನ ಬಲಿಯಾದಾಗ ಸಾರಾಯಿಗೆ ನಿಷೇಧವಿರಲಿಲ್ಲ. ಸುಂಕ ತಪ್ಪಿಸುವ ಆಸೆಯೂ ಮಿಥೈಲ್ ಆಲ್ಕೋಹಾಲನ್ನು ಲೋಟಕ್ಕೆ ತರಬಲ್ಲದು. ನಿಷೇಧ ಮಾಡುವುದಿಷ್ಟೇ: ಮೊದಲೇ ಇದ್ದ ಈ ಅಪಾಯದ ಮೇಲಿನ ಎಲ್ಲ ತಪಾಸಣೆಯನ್ನೂ ತೆಗೆದುಬಿಡುತ್ತದೆ. ರಾಜ್ಯ ಹುಟ್ಟಿದಾಗಿನಿಂದ ಪಾನನಿರೋಧವಿರುವ ಗುಜರಾತಿನಲ್ಲಿ 2009ರಲ್ಲಿ ಅಹಮದಾಬಾದಿನಲ್ಲಿ ನೂರಕ್ಕೂ ಮಿಕ್ಕಿ, 2022ರಲ್ಲಿ ಬೋಟಾದ್ ಸುತ್ತಮುತ್ತ ನಲವತ್ತಕ್ಕೂ ಮಿಕ್ಕಿ ಜನ ಹೀಗೇ ಸತ್ತರು. ಅಮೆರಿಕ 1920ರಿಂದ 1933ರವರೆಗೆ ಮದ್ಯ ನಿಷೇಧಿಸಿದ್ದಾಗ, ಕಾರ್ಖಾನೆಯ ಆಲ್ಕೋಹಾಲನ್ನು ಯಾರೂ ಕುಡಿಯಬಾರದೆಂದು ಸರ್ಕಾರವೇ ಅದಕ್ಕೆ ವಿಷ ಬೆರೆಸಲು ಆಜ್ಞೆ ಮಾಡಿತು. ಜನ ಕುಡಿದರು, ಸತ್ತರು. ಆಜ್ಞೆ ಮಾತ್ರ ಮುಂದುವರಿಯಿತು.

ಮೂರನೆಯದಾಗಿ ಕೋರ್ಟು-ಜೈಲು. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಸಭೆಯಲ್ಲಿರುವ ವಕೀಲರಿಗೆ ನನಗಿಂತ ಹೆಚ್ಚು ಗೊತ್ತು. ದೊಡ್ಡ ವ್ಯಾಪಾರಿಯನ್ನು ಹಿಡಿಯಲೆಂದು ಕಾಯ್ದೆಯ 37ನೆಯ ಕಲಮಿನಲ್ಲಿ ಜಾಮೀನನ್ನು ಬಹಳ ಕಷ್ಟ ಮಾಡಿದರು. ದೊಡ್ಡ ವ್ಯಾಪಾರಿ ಮಾಲನ್ನು ಕೈಯಲ್ಲಿ ಮುಟ್ಟುವುದಿಲ್ಲ. ಸಿಗುವವನು ಚೀಲ ಹೊತ್ತವನು, ಜೋಳದ ಹೊಲದ ನಡುವೆ ನಾಲ್ಕು ಸಾಲು ಗಾಂಜಾ ಹಾಕಿದ ರೈತ. ಸಣ್ಣ ಪ್ರಮಾಣ, ವಾಣಿಜ್ಯ ಪ್ರಮಾಣ ಎಂಬ ಭೇದ ಬಂದದ್ದು 2001ರ ತಿದ್ದುಪಡಿಯಲ್ಲಿ: ಗಾಂಜಾಕ್ಕೆ ಒಂದು ಕೆ.ಜಿ. ಮತ್ತು 20 ಕೆ.ಜಿ., ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಅಲ್ಲಿಯವರೆಗೆ ಹದಿನಾರು ವರ್ಷ ಚಿಲ್ಲರೆಯವನೂ ಸಗಟಿನವನೂ ಹೆಚ್ಚುಕಡಿಮೆ ಒಂದೇ ತಕ್ಕಡಿಯಲ್ಲಿ ಕೂತಿದ್ದರು. ಚಿಕಿತ್ಸೆಗೆ ತಾನಾಗಿ ಬರುವ ವ್ಯಸನಿಯನ್ನು ಮೊಕದ್ದಮೆಯಿಂದ ಬಿಡಬಹುದೆಂಬ 64-ಎ ಕಲಂ ಪುಸ್ತಕದಲ್ಲಿದೆ. ಅದು ಪ್ರಯೋಗವಾಗುವುದು ಅಪರೂಪ. ಬಿಹಾರದಲ್ಲಿ 2016ರಲ್ಲಿ ಮದ್ಯನಿಷೇಧ ಬಂದ ಮೇಲೆ ಪಟ್ನಾ ಹೈಕೋರ್ಟಿನಲ್ಲಿ ಜಾಮೀನು ಅರ್ಜಿಗಳ ರಾಶಿ ಬಿತ್ತು. ಮುಂದಾಲೋಚನೆಯಿಲ್ಲದೆ ಕಾನೂನು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಭಾರತದ ಅಂದಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ 2021ರಲ್ಲಿ ಅದನ್ನೇ ಉದಾಹರಣೆಯಾಗಿ ಕೊಟ್ಟರು.

ಈಗ ನಾನು ಮೊದಲಿನಿಂದ ಬರಬೇಕೆಂದಿದ್ದ ಸಂಗತಿಗೆ, ಮಾರ್ಫಿನ್ನಿನ ಕಥೆಗೆ, ಬಂದಿದ್ದೇನೆ.

ಮಧ್ಯಪ್ರದೇಶದ ನೀಮಚ್, ಮಂದಸೌರ್, ರಾಜಸ್ಥಾನದ ಚಿತ್ತೋಡಗಢ ಜಿಲ್ಲೆಗಳಲ್ಲಿ ಸರ್ಕಾರದ ಪರವಾನಗಿ ಪಡೆದು ರೈತರು ಅಫೀಮು ಬೆಳೆಯುತ್ತಾರೆ. ಚಳಿಗಾಲದ ಕೊನೆಗೆ ಗಸಗಸೆ ಕಾಯಿ ಬಲಿತಾಗ, ಹಲವು ಅಲಗಿನ ಸಣ್ಣ ಚಾಕುವಿನಿಂದ ಕಾಯಿಯ ಮೈ ಮೇಲೆ ಗೀರು ಹಾಕುತ್ತಾರೆ. ರಾತ್ರಿಯಿಡೀ ಹಾಲು ಒಸರಿ ಕಂದಾಗುತ್ತದೆ. ಬೆಳಗ್ಗೆ ಅದನ್ನು ಕೆರೆದು ಡಬ್ಬಿಗೆ ಹಾಕುತ್ತಾರೆ. ಒಂದು ಗ್ರಾಂ ಕೂಡ ಮನೆಯಲ್ಲಿ ಉಳಿಯುವಂತಿಲ್ಲ, ಎಲ್ಲವೂ ಕೇಂದ್ರ ಮಾದಕದ್ರವ್ಯ ಇಲಾಖೆಗೆ. ಅಲ್ಲಿಂದ ನೀಮಚ್ ಅಥವಾ ಘಾಜಿಪುರದ ಸರ್ಕಾರಿ ಕಾರ್ಖಾನೆಗೆ. ಕಾನೂನುಬದ್ಧವಾಗಿ ಅಫೀಮನ್ನು ಹೊರದೇಶಗಳಿಗೆ ರಫ್ತು ಮಾಡುವ ದೇಶ ಜಗತ್ತಿನಲ್ಲಿ ಬಹುಮಟ್ಟಿಗೆ ನಮ್ಮದೊಂದೇ. ಆ ಅಫೀಮಿನ ಸಾರ ಮಾರ್ಫಿನ್, ಕ್ಯಾನ್ಸರಿನ ಕೊನೆಯ ಹಂತದ ನೋವಿಗೆ ಇಂದಿಗೂ ವೈದ್ಯರು ಮೊದಲು ನೆನೆಯುವ ಔಷಧಿ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಬಾಯಿಯ ಮೂಲಕ ಮಾರ್ಫಿನ್ ಕೊಡುವ ಕ್ರಮವನ್ನು ತಿಳಿಸಿತ್ತು. 1961ರ ಒಪ್ಪಂದದ ಪೀಠಿಕೆಯಲ್ಲೂ ನೋವು ಶಮನಕ್ಕೆ ಈ ಔಷಧಿಗಳು ಅನಿವಾರ್ಯ ಎಂದಿದೆ.

1985ರ ಕಾಯ್ದೆ ಮಾರ್ಫಿನ್ ಕೊಡಬಾರದೆಂದು ಎಲ್ಲೂ ಹೇಳಲಿಲ್ಲ. ಆದರೆ ಲೆಕ್ಕದಲ್ಲಿ ತಪ್ಪಾದರೂ ಹತ್ತು ವರ್ಷದ ಜೈಲಿನ ಭಯವಿತ್ತು. ನಿಯಮ ಮಾಡುವ ಅಧಿಕಾರ ರಾಜ್ಯಗಳದ್ದಾದ್ದರಿಂದ ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆಯ ನಿಯಮ. ಆಸ್ಪತ್ರೆಯೊಂದು ಮಾತ್ರೆ ತರಿಸಬೇಕಾದರೆ ಇಟ್ಟುಕೊಳ್ಳಲು ಒಂದು ಪರವಾನಗಿ, ಹೊರರಾಜ್ಯದಿಂದ ತರಿಸಲು ಒಂದು, ಆ ರಾಜ್ಯ ಕಳುಹಿಸಲು ಇನ್ನೊಂದು, ಸಾಗಿಸಲು ಮತ್ತೊಂದು. ಅಬಕಾರಿ, ಔಷಧ ನಿಯಂತ್ರಣ, ಆರೋಗ್ಯ ಇಲಾಖೆಗಳ ಮೇಜುಗಳಲ್ಲಿ ಕಡತ ಓಡಾಡುತ್ತಿತ್ತು. ಪ್ರತಿಯೊಂದಕ್ಕೂ ಬೇರೆ ಬೇರೆ ಅವಧಿ. ಕೊನೆಯದು ಕೈಸೇರುವಷ್ಟರಲ್ಲಿ ಮೊದಲನೆಯದರ ವಾಯಿದೆ ಮುಗಿದಿರುತ್ತಿತ್ತು. ಔಷಧಿ ಅಂಗಡಿಗಳು ಈ ತಲೆನೋವೇ ಬೇಡವೆಂದು ದಾಸ್ತಾನು ನಿಲ್ಲಿಸಿದವು. ಆಸ್ಪತ್ರೆಗಳೂ ಅಷ್ಟೇ.

1997ರಲ್ಲಿ ಇಡೀ ಭಾರತ ಔಷಧಿಯಾಗಿ ಬಳಸಿದ ಮಾರ್ಫಿನ್ 18 ಕೆ.ಜಿ. 1985ಕ್ಕೆ ಹೋಲಿಸಿದರೆ ಶೇ. 90ಕ್ಕೂ ಮಿಕ್ಕಿದ ಕುಸಿತ. ಹದಿನೆಂಟು ಕೆ.ಜಿ. ಎಂದರೆ ಎಷ್ಟೆಂದು ನೀವೇ ಲೆಕ್ಕ ಹಾಕಿ: ದಿನಕ್ಕೆ 60 ಮಿಲಿಗ್ರಾಂನಂತೆ ವರ್ಷಪೂರ್ತಿ ಕೊಟ್ಟರೆ ಎಂಟುನೂರು ಚಿಲ್ಲರೆ ರೋಗಿಗಳಿಗೆ ಸಾಕಾಗುತ್ತದೆ. ನೂರಾರು ಟನ್ ಅಫೀಮು ಬೆಳೆದು ಹೊರಗೆ ಕಳಿಸುತ್ತಿದ್ದ ದೇಶದಲ್ಲಿ! ಈ ರೋಗಿಗಳು ಯಾವ ಮೆರವಣಿಗೆಯನ್ನೂ ಮಾಡಲಿಲ್ಲ, ಮಾಡುವ ಸ್ಥಿತಿಯಲ್ಲೂ ಇರಲಿಲ್ಲ. ನೋವಿನಿಂದ ಸತ್ತವರನ್ನು ಲೆಕ್ಕವಿಡುವ ಕಲಂ ಯಾವ ನಮೂನೆಯಲ್ಲೂ ಇಲ್ಲ. ಅಮಲಿಗಾಗಿ ಹುಡುಕುವವನಿಗೆ ಹೆರಾಯಿನ್ ಊರೂರಲ್ಲಿ ಸಿಗುತ್ತಿದ್ದ ದಿನಗಳಲ್ಲೇ, ಮೂಳೆಗೆ ಹರಡಿದ ಕ್ಯಾನ್ಸರಿನ ಮುದುಕಿಗೆ ಹತ್ತು ಮಿಲಿಗ್ರಾಂ ಮಾತ್ರೆ ಸಿಗಲಿಲ್ಲ. ಕಾಯ್ದೆಯನ್ನು ಮುರಿಯುವವರಿಗೆ ದಾರಿಯಿತ್ತು. ಪಾಲಿಸುವವರಿಗಷ್ಟೇ ಅದು ತಡೆಯಾಯಿತು.

ಇದನ್ನು ಬದಲಿಸಲು ಹೊರಟವರಲ್ಲಿ ಮುಖ್ಯರು ಕೇರಳದ ಡಾ. ಎಂ.ಆರ್. ರಾಜಗೋಪಾಲ್. ವೃತ್ತಿಯಲ್ಲಿ ಅರಿವಳಿಕೆ ತಜ್ಞರು. 1993ರಲ್ಲಿ ಕ್ಯಾಲಿಕಟ್ ವೈದ್ಯಕೀಯ ಕಾಲೇಜಿನಲ್ಲಿ ನೋವು ಶಮನದ ಚಿಕಿತ್ಸಾಲಯ ಆರಂಭಿಸಿದವರ ಪೈಕಿ ಒಬ್ಬರು, ಮುಂದೆ ಪ್ಯಾಲಿಯಂ ಇಂಡಿಯಾ ಸಂಸ್ಥೆ ಕಟ್ಟಿದವರು. ಅವರೂ ಜೊತೆಗಾರರೂ ಕೂಗಾಡಲಿಲ್ಲ. ರಾಜ್ಯ ರಾಜ್ಯಕ್ಕೆ ಹೋಗಿ ಅಧಿಕಾರಿಗಳನ್ನು ಕೂರಿಸಿಕೊಂಡು ನಿಯಮದ ಒಂದೊಂದು ಗಂಟನ್ನೂ ಬಿಡಿಸಿದರು. ಸುಪ್ರೀಂ ಕೋರ್ಟಿಗೂ ಅರ್ಜಿ ಹೋಯಿತು. ಕೊನೆಗೆ 2014ರ ಫೆಬ್ರುವರಿಯಲ್ಲಿ, ಲೋಕಸಭೆಯ ಅವಧಿ ಮುಗಿಯುವ ಹೊತ್ತಿನಲ್ಲಿ, ಸಂಸತ್ತು ಎನ್‌ಡಿಪಿಎಸ್ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಮಾರ್ಫಿನ್ ಸೇರಿದಂತೆ ಕೆಲವು ಔಷಧಿಗಳನ್ನು "ಅತ್ಯಗತ್ಯ" ಎಂದು ಗುರುತಿಸಿ, ದೇಶಕ್ಕೆಲ್ಲ ಒಂದೇ ನಿಯಮ ಮಾಡಲಾಯಿತು. ಹಲವು ಕಚೇರಿ ಸುತ್ತುವ ಬದಲು ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಪಡೆದರೆ ಸಾಕು. ಇಪ್ಪತ್ತೊಂಬತ್ತು ವರ್ಷ ಬೇಕಾಯಿತು ಇಷ್ಟಕ್ಕೆ.   

ಇಲ್ಲಿ ಒಂದು ಎಚ್ಚರಿಕೆಯ ಮಾತು. ನೋವಿನ ಮಾತ್ರೆಯ ಬಾಗಿಲನ್ನು ಪೂರ್ತಿ ತೆರೆದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವೇ ಸಾಕ್ಷಿ. 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ ಎಂಬ ಗುಳಿಗೆಯನ್ನು ಕಂಪನಿ ಚಟ ಹಿಡಿಸದ ಔಷಧಿಯೆಂಬಂತೆ ಮಾರಿತು. ಲಕ್ಷಾಂತರ ಜನ ವ್ಯಸನಿಗಳಾದರು. ಆಮೇಲೆ ಗುಳಿಗೆಯ ಮೇಲೆ ಬಿಗಿ ಬಂದಾಗ ಅವರು ಹೆರಾಯಿನ್‌ಗೆ, ಅಲ್ಲಿಂದ ಅದಕ್ಕಿಂತಲೂ ಉಗ್ರವಾದ ಫೆಂಟನಿಲ್‌ಗೆ ಜಾರಿದರು. 2021ರಲ್ಲಿ ಅಲ್ಲಿ ಮಾದಕವಸ್ತು ಸೇವನೆ ಮಿತಿಮೀರಿ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಆದ್ದರಿಂದ ನಮ್ಮ ಅಧಿಕಾರಿಗಳ ಭಯ ಪೊಳ್ಳಲ್ಲ. ಆದರೆ 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಹಾಕಿದ ಲೆಕ್ಕದ ಪ್ರಕಾರ, ನೋವು ಶಮನಕ್ಕೆ ಭಾರತಕ್ಕೆ ಬೇಕಾದಷ್ಟು ಮಾರ್ಫಿನ್ ಬಗೆಯ ಔಷಧಿಯಲ್ಲಿ ನಮಗೆ ದೊರಕುತ್ತಿದ್ದದ್ದು ಶೇ. 4 ಮಾತ್ರ. ಅಮೆರಿಕದ ರೋಗ ನಮಗೆ ಬಂದೀತೆಂದು ಹೆದರುವ ಮೊದಲು ನಾವು ಕ್ರಮಿಸಬೇಕಾದ ದೂರ ಇನ್ನೂ ಬಹಳವಿದೆ.

ಕಾಯ್ದೆ ತಿದ್ದಿದರೂ ಮಾತ್ರೆ ಏಕೆ ಬರಲಿಲ್ಲ? 1985ರಲ್ಲಿ ವೈದ್ಯಕೀಯ ಕಾಲೇಜು ಸೇರಿದ ಹುಡುಗ 2014ರ ಹೊತ್ತಿಗೆ ವಿಭಾಗದ ಮುಖ್ಯಸ್ಥನಾಗಿರುತ್ತಾನೆ. ತನ್ನ ಓದಿನಲ್ಲಿ, ವೃತ್ತಿಯಲ್ಲಿ ಅವನು ಮಾರ್ಫಿನ್ ಮಾತ್ರೆ ಬರೆದಿಲ್ಲ, ಬರೆಯುವವರನ್ನು ನೋಡಿಲ್ಲ. ತನ್ನ ವಿದ್ಯಾರ್ಥಿಗಳಿಗೆ ಕಲಿಸಿಯೂ ಇಲ್ಲ. ತೆಗೆದುಕೊಂಡವರಿಗೆಲ್ಲ ಅದು ಚಟ ಹಿಡಿಸುತ್ತದೆ, ಉಸಿರು ನಿಲ್ಲಿಸುತ್ತದೆ ಎಂದಷ್ಟೇ ಅವನು ಕೇಳಿದ್ದಾನೆ. ಮನೆಯವರೂ ಮಾರ್ಫಿನ್ ಎಂದರೆ ಇನ್ನು ಕೊನೆ ಬಂತು ಎಂದೇ ತಿಳಿಯುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಕೊನೆಯ ಹಂತದ ರೋಗಿಗಳ ಆರೈಕೆ ಮಾಡುವ ಕರುಣಾಶ್ರಯದಂಥ ಸಂಸ್ಥೆಗಳಲ್ಲಿ ಈ ಔಷಧಿಯ ಬಳಕೆ ಬಲ್ಲವರಿದ್ದಾರೆ. ಆದರೆ ರಾಯಚೂರಿನ ಹಳ್ಳಿಯ ರೋಗಿ ಪ್ರತಿ ಸಲ ಬೆಂಗಳೂರಿನ ಬಸ್ಸು ಹತ್ತಲಾರ.

ಮಾರ್ಫಿನ್ ಇಟ್ಟುಕೊಳ್ಳುವ ಮಾನ್ಯತೆ ಪಡೆಯಲು ಆಸ್ಪತ್ರೆಗೆ ಬೇಕಾದದ್ದು ನೋವು ಶಮನದ ತರಬೇತಿ ಪಡೆದ ಒಬ್ಬ ವೈದ್ಯ, ಬೀಗ ಹಾಕುವ ಒಂದು ಕಪಾಟು, ದಿನದ ಲೆಕ್ಕ ಬರೆಯುವ ಪುಸ್ತಕ, ಔಷಧ ನಿಯಂತ್ರಕರಿಗೆ ಒಂದು ಅರ್ಜಿ. ಈ ಸಭೆಯಲ್ಲಿ ಬೇರೆ ಬೇರೆ ಜಿಲ್ಲೆಗಳಿಂದ ಬಂದ ವೈದ್ಯರೂ ಅಧಿಕಾರಿಗಳೂ ಇದ್ದಾರೆ. ಚರ್ಚೆಯ ವೇಳೆಯಲ್ಲಿ ನೀವು ನನ್ನನ್ನು ಪ್ರಶ್ನೆ ಕೇಳುವ ಮೊದಲು ನಿಮ್ಮಿಂದ ಒಂದನ್ನು ತಿಳಿಯಬಯಸುತ್ತೇನೆ: ನಿಮ್ಮ ಜಿಲ್ಲಾ ಆಸ್ಪತ್ರೆ ಆ ಅರ್ಜಿ ಹಾಕಿದೆಯೇ?